ಅಪೊಪ್ಟೋಸಿಸ್ ಅಥವಾ ಫೆರಾಪ್ಟೋಸಿಸ್: ಸ್ತನ ಕ್ಯಾನ್ಸರ್ ಸಂಶೋಧನೆಗೆ ಯಾವ ದಾರಿ?

ಸ್ತನ ಕ್ಯಾನ್ಸರ್ ಕುರಿತು ಸಂಶೋಧನಾ ವಿಷಯ ಆರಿಸುವವರ ಮುಂದೆ ಜೀವಕೋಶದ ಸಾವಿನ ಎರಡು ದಾರಿಗಳಿವೆ. 1972ರಲ್ಲಿ ಹೆಸರು ಪಡೆದ ಅಪೊಪ್ಟೋಸಿಸ್‌ನಲ್ಲಿ ಕ್ಯಾಸ್ಪೇಸ್ ಕಿಣ್ವಗಳು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಈಗಿನ ಹಲವು ಕೀಮೋ ಔಷಧಗಳು ಇದನ್ನೇ ನೆಚ್ಚಿಕೊಂಡಿವೆಯಾದರೂ ಗಡ್ಡೆಗಳು ಇದರಿಂದ ನುಣುಚಿಕೊಳ್ಳಲು ಕಲಿಯುತ್ತವೆ. 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರೆಂಟ್ ಸ್ಟಾಕ್‌ವೆಲ್ ಅವರ ತಂಡ ಹೆಸರಿಸಿದ ಫೆರಾಪ್ಟೋಸಿಸ್‌ನ ಬಗೆಯೇ ಬೇರೆ: ಕೋಶದ ರಕ್ಷಕ ಅಣುವಾದ ಗ್ಲುಟಾಥಯೋನ್ ಬರಿದಾಗಿ, ಅದನ್ನು ಬಳಸಿ ಪೊರೆಯ ಕೊಬ್ಬನ್ನು ಕಾಯುವ ಜಿಪಿಎಕ್ಸ್4 ಕಿಣ್ವವು ಸೋತಾಗ, ಕೋಶದೊಳಗಿನ ಕಬ್ಬಿಣದ ನೆರವಿನಿಂದ ಪೊರೆಯ ಕೊಬ್ಬು ಆಕ್ಸಿಡೀಕರಣಗೊಂಡು, ಕಮಟು ಹಿಡಿದ ಎಣ್ಣೆಯಂತೆ ಕೆಟ್ಟು, ಪೊರೆಯೇ ಒಡೆಯುತ್ತದೆ. ಹಾರ್ಮೋನ್ ಚಿಕಿತ್ಸೆಗೆ ಗುರಿಯೇ ಸಿಗದ ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್‌ನ ಹಲವು ಕೋಶಗಳು ಪ್ರಯೋಗಾಲಯದಲ್ಲಿ ಇದಕ್ಕೆ ಮಣಿದಿರುವುದರಿಂದ, ಹೊಸ ಪ್ರಶ್ನೆ ಹುಡುಕುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಮೂತ್ರಪಿಂಡದಂಥ ಆರೋಗ್ಯವಂತ ಅಂಗಗಳಿಗೂ ಜಿಪಿಎಕ್ಸ್4 ಬೇಕೆಂಬುದೇ ಇಲ್ಲಿನ ಕಗ್ಗಂಟು. ರೋಗಿಗಳು ಮಾತ್ರ ಇದನ್ನು ಓದಿ ಕಬ್ಬಿಣದ ಮಾತ್ರೆಯನ್ನು ಕ್ಯಾನ್ಸರ್ ಮದ್ದೆಂದು ನುಂಗಬಾರದು.