ರಬ್ಬರ್ ಬೂಟೋ, ಬಿಸಿಗಾಳಿಯೋ: ಎರಡು ವಿಮಾನಗಳು ಹಿಮವನ್ನು ಎದುರಿಸುವ ಬಗೆ

ಮಳೆಗಾಲದಲ್ಲಿ ಹಾಸನಕ್ಕೆ ಬಂದಾಗಲೆಲ್ಲ ನೆಂಟರು ಕೇಳುವ ಪ್ರಶ್ನೆ ಒಂದೇ: ಸಕಲೇಶಪುರದ ಮೇಲಿನ ಮೋಡದಲ್ಲೂ ವಿಮಾನಕ್ಕೆ ಹಿಮ ಕಟ್ಟುತ್ತದೆಯೇ? ಖಂಡಿತ ಕಟ್ಟುತ್ತದೆ. ಸುಮಾರು 16,000 ಅಡಿಗಿಂತ ಮೇಲೆ ಉಷ್ಣತೆ ಸೊನ್ನೆಗಿಂತ ಕೆಳಗಿದ್ದರೂ ಹೆಪ್ಪುಗಟ್ಟದೆ ಉಳಿದ ಹನಿಗಳು ರೆಕ್ಕೆಗೆ ತಾಗಿದ ಕೂಡಲೇ ಗಟ್ಟಿಯಾಗುತ್ತವೆ. ನಾನು ಮೊದಲು ಹಾರಿಸುತ್ತಿದ್ದ ಪ್ರೊಪೆಲರ್ ವಿಮಾನ ಎಟಿಆರ್ 72 ಮತ್ತು ಈಗ ಹಾರಿಸುವ ಜೆಟ್ ವಿಮಾನ ಏರ್‌ಬಸ್ ಎ320 ಇದನ್ನು ಎದುರಿಸುವ ರೀತಿ ಬೇರೆ ಬೇರೆ.

ಹಿಮವನ್ನು ಗುರುತಿಸುವುದರಲ್ಲಿ ಎಟಿಆರ್ ಮೇಲು. ಕ್ಯಾಪ್ಟನ್ನರ ಕಿಟಕಿಯ ಹೊರಗಿರುವ ಪುಟ್ಟ ಸೂಚಕದ ಮೇಲೆ ಹಿಮ ಸ್ಪಷ್ಟವಾಗಿ ಕಾಣುತ್ತದೆ. ಉಳಿದೆಡೆ ಕರಗಿದ ಮೇಲೆ ಕೊನೆಗೆ ಬರಿದಾಗುವುದೂ ಅದೇ ಆದುದರಿಂದ, ಅಲ್ಲಿಯವರೆಗೆ ಹಿಮದ ಕಾರಣ ಹೆಚ್ಚಿಸಿಕೊಂಡ ಕನಿಷ್ಠ ವೇಗವನ್ನು ನಾವು ಇಳಿಸುತ್ತಿರಲಿಲ್ಲ. ಎ320ರಲ್ಲಿ ಮುಂಗಾಜುಗಳ ನಡುವೆ ಇಂಥದೇ ಒಂದು ಕಡ್ಡಿಯಿದೆ; ವೈಪರ್‌ಗಳನ್ನೂ ನೋಡುತ್ತೇವೆ.

ಹಿಮವನ್ನು ತೆಗೆಯುವ ಕೆಲಸದಲ್ಲಿ ಎ320 ಮುಂದು. ಎಂಜಿನ್‌ನ ಬಿಸಿಗಾಳಿ ರೆಕ್ಕೆಯ ಹೊರಭಾಗದ ಮೂರು ಸ್ಲ್ಯಾಟ್‌ಗಳನ್ನು (ಮುಂದಂಚಿನ ಚಲಿಸುವ ಫಲಕಗಳನ್ನು) ಕಾಯಿಸುತ್ತದೆ. ಮೋಡದೊಳಗೆ ಉಷ್ಣತಾಮಾಪಕ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ, ಹಿಮ ಕಾಣುವ ಮೊದಲೇ ಎಂಜಿನ್ ಬಾಯಿಗೂ ಬಿಸಿಗಾಳಿ ಬಿಡುತ್ತೇವೆ. ಇದಕ್ಕೆ ಇಂಧನ ಹೆಚ್ಚು ಬೇಕು, ಇಳಿಯುವಾಗ ಎಂಜಿನ್‌ನ ಕನಿಷ್ಠ ವೇಗ ಏರಿ ಇಳಿತವೂ ನಿಧಾನವಾಗುತ್ತದೆ.

ಎಟಿಆರ್‌ನ ರಬ್ಬರ್ ಬೂಟುಗಳು, ಅಂದರೆ ಮುಂದಂಚಿಗೆ ಹೊದಿಸಿದ ರಬ್ಬರ್ ಹೊದಿಕೆಗಳು, ಗಾಳಿ ತುಂಬಿಕೊಂಡು ಉಬ್ಬಿ ಹಿಮವನ್ನು ಒಡೆಯುತ್ತವೆ. ಆದರೆ ಅವುಗಳ ಕೆಲಸ ರೆಕ್ಕೆಯ ಮುಂದಂಚಿಗಷ್ಟೇ ಸೀಮಿತ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ ದೊಡ್ಡ ಹನಿಗಳಿಂದ ಬೂಟುಗಳ ಹಿಂದೆ ಹಿಮದ ಏಣು ಕಟ್ಟಿ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಫಲಕಗಳಾದ ಏಲರಾನ್‌ಗಳು ತಾವಾಗಿಯೇ ತಿರುಗಿ, ಎಟಿಆರ್ 72 ಬಿದ್ದು 68 ಮಂದಿ ಸತ್ತರು. ಆಟೊಪೈಲಟ್ ಹಿಡಿದಿರುವಷ್ಟು ಹೊತ್ತು ಇಂಥ ಎಳೆತ ಪೈಲಟ್‌ನ ಕೈಗೆ ತಿಳಿಯದು. ಆದ್ದರಿಂದಲೇ ತೀವ್ರ ಹಿಮದಲ್ಲಿ ಕಂಟ್ರೋಲನ್ನು ಗಟ್ಟಿಯಾಗಿ ಹಿಡಿದು ಆಟೊಪೈಲಟ್ ಬಿಡಿಸಬೇಕು, ವೇಗ ಹೆಚ್ಚಿಸಬೇಕು, ಬಿಚ್ಚಿರುವ ಫ್ಲ್ಯಾಪನ್ನು (ರೆಕ್ಕೆಯ ಹಿಂದಂಚಿನ ಫಲಕವನ್ನು) ಮಡಚಬಾರದು, ಆ ಮೋಡದಿಂದ ಹೊರಬೀಳಬೇಕು ಎಂಬ ಕ್ರಮ ಎಟಿಆರ್ ಪೈಲಟ್‌ಗಳಿಗೆ ಬಾಯಿಪಾಠ.

ಮಳೆಗಾಲಕ್ಕೆ ನನ್ನ ಆಯ್ಕೆ ಎ320. ಬಿಸಿಗಾಳಿಗಿಂತಲೂ ಅದರ ಏರುವ ಶಕ್ತಿಯೇ ಇದಕ್ಕೆ ಮುಖ್ಯ ಕಾರಣ: ಹಿಮ ಕಟ್ಟುವ ಪದರವನ್ನು ಅದು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ, 25,000 ಅಡಿಯ ಮಿತಿಯುಳ್ಳ ಎಟಿಆರ್ ಅದರಲ್ಲೇ ಸಾಗಬೇಕಾಗಬಹುದು. ಆದರೂ ನಮ್ಮ ಮಲೆನಾಡಿನ ಮೇಲೆ ಎಟಿಆರ್‌ಗೆ ಒಂದು ಒಳ್ಳೆಯ ದಾರಿಯಿದೆ. ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಅಂದರೆ ಸುಮಾರು 6,300 ಅಡಿ. ಅದರ ಮೇಲೆ ಸಾಕಷ್ಟು ಅಂತರ ಬಿಟ್ಟರೂ ಹಿಮ ಕರಗುವ ಬೆಚ್ಚನೆಯ ಗಾಳಿಗೆ ಇಳಿಯಲು ಸಾವಿರಾರು ಅಡಿ ಜಾಗ ಉಳಿಯುತ್ತದೆ.