ಏರ್ ಆಪ್ಟಿಕ್ಸ್ ತಿಂಗಳ ಲೆನ್ಸ್: ಕನ್ನಡಕ ಬಿಡುವವರಿಗೆ

ಆಲ್ಕಾನ್ ಕಂಪನಿಯ, ತಿಂಗಳಿಗೊಮ್ಮೆ ಬದಲಿಸುವ ಈ ಸಿಲಿಕೋನ್ ಹೈಡ್ರೋಜೆಲ್ (ಆಮ್ಲಜನಕ ಹಾಯಿಸುವ ಮೆದು ಪ್ಲಾಸ್ಟಿಕ್) ಕಾಂಟ್ಯಾಕ್ಟ್ ಲೆನ್ಸಿನಲ್ಲಿ ನೀರಿನಂಶ 33%, ಬೇಸ್ ಕರ್ವ್ (ಒಳಬಾಗಿನ ಅಳತೆ) 8.6, ವ್ಯಾಸ 14.2 ಮಿ.ಮೀ. ತುಸು ಗಡುಸು. ಬೆರಳ ಮೇಲೆ ನೆಟ್ಟಗೆ ನಿಲ್ಲುತ್ತದೆ, ಹೊಸಬರಿಗೆ ಹಾಕಲು ಸಲೀಸು. ಆದರೆ ಮೊದಮೊದಲು ರೆಪ್ಪೆಗೆ ಅಂಚು ತಾಗಿದಂತಾಗುತ್ತದೆ. ಅಂಚು ಹೊರಕ್ಕೆ ಬಾಗಿದ್ದರೆ ಲೆನ್ಸ್ ಒಳಹೊರಗಾಗಿದೆ ಎಂದರ್ಥ, ತಿರುಗಿಸಿ ಹಾಕಿ.

ಮೊದಲ ದಿನ ನಾಲ್ಕು ಗಂಟೆ ಸಾಕು, ಆಮೇಲೆ ದಿನಕ್ಕೊಂದೆರಡು ಗಂಟೆ ಏರಿಸಿ. ಕನ್ನಡಕದ ನಂಬರನ್ನೇ ಹೇಳಿ ಆರ್ಡರ್ ಮಾಡಬೇಡಿ: ಲೆನ್ಸ್ ಕಣ್ಣಿಗೇ ಅಂಟಿ ಕೂರುವುದರಿಂದ ಕನ್ನಡಕದ -6.00ಕ್ಕೆ ಲೆನ್ಸಿನಲ್ಲಿ ಸುಮಾರು -5.50 ಬರುತ್ತದೆ.

ನಿಜವಾದ ಲಾಭ ಮುಖ ನೋಡುವಾಗ ತಿಳಿಯುತ್ತದೆ. ಕನ್ನಡಕದ ಮೈನಸ್ ಗಾಜು ಎದುರಿಗಿರುವವರನ್ನು ಕುಗ್ಗಿಸಿ ತೋರಿಸುತ್ತಿತ್ತು. ಈಗ ಮುಖ ಕೊಂಚ ದೊಡ್ಡದಾಗಿ ಕಾಣುತ್ತದೆ, ಪಕ್ಕದಲ್ಲಿ ಕೂತವರೂ ಫ್ರೇಮಿನಾಚೆ ಮಸುಕಾಗುವುದಿಲ್ಲ. ಅವರಿಗೂ ನಿಮ್ಮ ಕಣ್ಣು ಅದರ ಅಳತೆಯಲ್ಲೇ ಕಾಣುತ್ತದೆ. ನಲವತ್ತು ದಾಟಿದವರಿಗೆ ಮಾತ್ರ ಹತ್ತಿರದ್ದು ಇನ್ನಷ್ಟು ಮಸುಕಾಗಬಹುದು, ಏಕೆಂದರೆ ಮೈನಸ್ ನಂಬರಿನ ಕಣ್ಣು ಕನ್ನಡಕಕ್ಕಿಂತ ಲೆನ್ಸಿನಲ್ಲಿ ಹೆಚ್ಚು ಫೋಕಸ್ ಮಾಡಬೇಕು.

ಲೆನ್ಸ್ ಮೊದಲು, ಕಾಡಿಗೆ ಆಮೇಲೆ. ಮೆಣಸಿನಕಾಯಿ ಹೆಚ್ಚಿದ ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆದರೂ ಖಾರ ಉಳಿಯುತ್ತದೆ, ಅಡುಗೆಗೆ ಮುಂಚೆಯೇ ಲೆನ್ಸ್ ತೆಗೆಯುವುದು ಜಾಣತನ. ಲೆನ್ಸಿಗೆ ನಲ್ಲಿ ನೀರು ಸೋಕಿಸಲೇಬೇಡಿ, ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯ ಸೋಂಕು ದೃಷ್ಟಿಯನ್ನೇ ಕಸಿಯಬಹುದು. ಲೆನ್ಸ್ ನೆನೆಸಿಡುವ ಹಳೆ ಸಲ್ಯೂಷನ್ ಮೇಲೆ ಹೊಸದು ಸುರಿಯಬೇಡಿ, ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ತಿಂಗಳ ಲೆಕ್ಕ ಪ್ಯಾಕ್ ಒಡೆದ ದಿನದಿಂದ. ಹಾಕದ ದಿನಗಳೂ ಸೇರುತ್ತವೆ. ವಾರಕ್ಕೆರಡು ಸಲ ಮಾತ್ರ ಹಾಕುವವರಿಗೆ ಇದಕ್ಕಿಂತ ಒಂದು ದಿನ ಹಾಕಿ ಎಸೆಯುವ ಲೆನ್ಸೇ ಲೇಸು.