ಟೀಬರ್ಡ್, ರಿವರ್, ಲೆಪರ್ಡ್3: ನನ್ನ ಕೈಗೆ ಒಗ್ಗಿದ್ದು ಯಾವ್ದು

ಸಸ್ಪೆನ್ಸ್ ಏನೂ ಬೇಡ, ಮೊದ್ಲೇ ಹೇಳ್ಬಿಡ್ತೀನಿ, ಡಿಸ್ಕ್ ಗಾಲ್ಫ್ ಆಡೋಕೆ ತಂದ ಈ ಮೂರು ಡಿಸ್ಕಲ್ಲಿ ನಂಗಿಷ್ಟ ಆಗಿದ್ದು ಲೆಪರ್ಡ್3. ಉಳಿದೆರಡು ಕೆಟ್ಟದ್ದು ಅಂತಲ್ಲ, ಟೀಬರ್ಡ್ ಅಂತೂ ಈ ಆಟದಲ್ಲಿ ದೊಡ್ಡ ಹೆಸರು, 12 ಸಲ ವರ್ಲ್ಡ್ ಚಾಂಪಿಯನ್ ಆದ ಕೆನ್ ಕ್ಲೈಮೋ ಹೆಸರು ಹಾಕಿದ ಟೀಬರ್ಡ್‌ಗಳೇ ಮಾರ್ಕೆಟ್ಟಲ್ಲಿ ಬಂದಿವೆ. ಆದ್ರೆ ಕ್ಲೈಮೋ ಕೈ ಬೇರೆ, ವಾರ ಪೂರ್ತಿ ಮೌಸ್ ಹಿಡ್ಕೊಂಡು ಕೂರೋ ನನ್ನ ಕೈ ಬೇರೆ. ಚೆನ್ನಾಗಿ ಎಸೆದ ದಿನ ನನ್ನ ಡಿಸ್ಕು 250 ಅಡಿ ಹೋಗತ್ತೆ, ಭುಜ ಹಿಡ್ಕೊಂಡಿದ್ರೆ ಅದೂ ಇಲ್ಲ. 350 ಅಡಿ ಎಸೆಯೋ ಹುಡುಗ್ರು ಇದನ್ನ ಓದಿ ಜಗಳಕ್ಕೆ ಬರ್ಬೇಡಿ, ಇದು ನಿಮಗಲ್ಲ.

ಆಟ ಗೊತ್ತಿಲ್ಲದೋರಿಗೆ ಎರಡೇ ಮಾತು. ಡಿಸ್ಕ್ ಗಾಲ್ಫ್ ಅಂದ್ರೆ ಗಾಲ್ಫೇ, ಕೋಲು ಚೆಂಡಿನ ಬದ್ಲು ಡಿಸ್ಕು, ಗುಂಡಿ ಬದ್ಲು ಸರಪಳಿ ನೇತುಹಾಕಿರೋ ಕಬ್ಬಿಣದ ಬುಟ್ಟಿ. ಈ ಆಟ ಈಗಿನ ರೂಪಕ್ಕೆ ಬಂದಿದ್ದು ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್ ಹತ್ರ ಓಕ್ ಗ್ರೋವ್ ಪಾರ್ಕಲ್ಲಿ 1975ರಲ್ಲಿ ಎಡ್ ಹೆಡ್ರಿಕ್ ಮೊದಲ ಪರ್ಮನೆಂಟ್ ಕೋರ್ಸ್ ಹಾಕಿದ್ದು, ಆ ಸರಪಳಿ ಬುಟ್ಟಿನೂ ಅವನದೇ ಐಡಿಯಾ. ಹೆಚ್ಚಿನ ಕಡೆ ಆಡೋಕೆ ದುಡ್ಡು ಕೊಡ್ಬೇಕಿಲ್ಲ, ಪಾರ್ಕಿಂಗ್‌ಗೆ ಕೊಟ್ರೆ ಮುಗೀತು, ನಾನು ಈ ಆಟಕ್ಕೆ ಬಿದ್ದಿದ್ದಕ್ಕೆ ಅದೂ ಒಂದು ಕಾರಣ ಅಂದ್ಕೊಳಿ. ನಮ್ಮಮ್ಮ ಮಾತ್ರ ಇವತ್ತಿಗೂ "ಭಾನುವಾರ ಬೆಳಗ್ಗೆ ತಟ್ಟೆ ಎಸೆಯಕ್ಕೆ ಅಷ್ಟು ದೂರ ಹೋಗ್ಬೇಕೇನೋ" ಅಂತಾರೆ.

ಈ ಮೂರೂ ಫೇರ್‌ವೇ ಡ್ರೈವರ್‌ಗಳು, ಅಂದ್ರೆ ಮಧ್ಯಮ ದೂರಕ್ಕೆ ಎಸೆಯೋ ಮಿಡ್‌ರೇಂಜ್ ಡಿಸ್ಕಿಗಿಂತ ಸ್ವಲ್ಪ ಚೂಪು ಅಂಚು, ತುಂಬಾ ದೂರಕ್ಕೆ ಎಸೆಯೋ ಡಿಸ್ಟೆನ್ಸ್ ಡ್ರೈವರ್‌ಗಿಂತ ಸಣ್ಣ ಅಂಚು. ಹೊಸಬ್ರು ಅಂಗಡಿಗೆ ಹೋದ ತಕ್ಷಣ ಸ್ಪೀಡ್ 12, 13 ಅಂತ ಬರೆದಿರೋದಕ್ಕೆ ಕೈ ಹಾಕ್ತಾರೆ, ಆ ನಂಬರ್ ಡಿಸ್ಕ್ ಎಷ್ಟು ಜೋರಾಗಿ ಹೋಗತ್ತೆ ಅಂತಲ್ಲ ಗುರು, ನೀನು ಎಷ್ಟು ಜೋರಾಗಿ ಎಸೆದ್ರೆ ಅದು ಸರಿಯಾಗಿ ಹಾರತ್ತೆ ಅಂತ. ಅಷ್ಟು ಜೋರಿಲ್ಲದ ಕೈಯಿಂದ ಹೊರಟ್ರೆ ಅದು ಸೀದಾ ಎಡಕ್ಕೆ ಬಿದ್ಬಿಡತ್ತೆ. ನಾನು ತಂದ ಮೂರೂ ಸ್ಪೀಡ್ 7, ಹಾಗಾಗಿ ಆ ಚರ್ಚೆ ಇಲ್ಲಿಗೆ ಬಿಡೋಣ. ವ್ಯತ್ಯಾಸ ಇರೋದು ಉಳಿದ ನಂಬರಲ್ಲಿ. ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್, ಅಂದ್ರೆ ಕೈಯನ್ನ ಎದೆಗೆ ಅಡ್ಡ ತಂದು, ಎಸೆಯೋರಿಗೆ ಡಿಸ್ಕು ಜೋರಾಗಿರೋವಾಗ ಬಲಕ್ಕೆ ವಾಲೋದು ಟರ್ನ್, ಜೋರು ಕಮ್ಮಿ ಆದ್ಮೇಲೆ ಎಡಕ್ಕೆ ಬೀಳೋದು ಫೇಡ್. ಟೀಬರ್ಡ್‌ಗೆ ಟರ್ನ್ ಸೊನ್ನೆ, ಫೇಡ್ 2. ಲೆಪರ್ಡ್3ಗೆ ಟರ್ನ್ ಮೈನಸ್ 2, ಫೇಡ್ 1. ಇವೆರಡೂ ಇನ್ನೋವಾ ಕಂಪನಿದು. ರಿವರ್ ಸ್ವೀಡನ್ನಿನ ಲ್ಯಾಟಿಟ್ಯೂಡ್ 64ದು, ಟರ್ನ್ ಮೈನಸ್ 1, ಫೇಡ್ 1, ಆದ್ರೆ ಗ್ಲೈಡ್, ಅಂದ್ರೆ ಗಾಳೀಲಿ ತೇಲೋ ಗುಣ, 7, ಆ ಸ್ಕೇಲಲ್ಲಿ ಕೊನೇ ನಂಬರ್. ಇನ್ನೆರಡಕ್ಕೆ ಗ್ಲೈಡ್ 5. ಬೇರೆ ಬೇರೆ ಕಂಪನಿ ನಂಬರ್‌ಗಳನ್ನ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕೋದ್ರಲ್ಲಿ ಪೂರ್ತಿ ಅರ್ಥ ಇಲ್ಲ, ಎಸೆದೇ ನೋಡ್ಬೇಕು.

ನಾನು ಎಸೆದಿದ್ದು ಮುಖ್ಯವಾಗಿ ಎರಡು ಕಡೆ. ಒಂದು ಸ್ಯಾನ್ ಹೋಸೆ ಹೆಲ್ಯರ್ ಪಾರ್ಕ್, ಬಯಲು ಜಾಗ, ಮಧ್ಯಾಹ್ನ ಆದ್ರೆ ಗಾಳಿ. ಇನ್ನೊಂದು ಹೈವೇ 17 ದಾಟಿ ಸಾಂಟಾ ಕ್ರೂಝ್‌ನ ಡೆಲವಿಯಾಗಾ, ಎಲ್ರೂ ಡೆಲಾ ಅಂತಾರೆ, ಗುಡ್ಡ, ಓಕ್ ಮರ, ಇಳಿಜಾರು, ಬುಟ್ಟಿ ಹತ್ರ ಬಿದ್ದ ಡಿಸ್ಕು ಅಂಚಿನ ಮೇಲೆ ಎದ್ದು ನಿಂತು ಉರುಳ್ಕೊಂಡು ಕೆಳಗೆ ಹೋಗ್ಬಿಡೋ ಜಾಗ.

ಟೀಬರ್ಡ್ ಬಗ್ಗೆ ಮೊದ್ಲು. ಹೊಗಳೋರು ಹೇಳೋದೆಲ್ಲ ನಿಜ, ಸೀದಾ ಹೋಗತ್ತೆ, ಎಲ್ಲಿ ಬೀಳತ್ತೆ ಅಂತ ಮೊದ್ಲೇ ಗೊತ್ತಿರತ್ತೆ, ಎದುರು ಗಾಳಿಗೆ ಹೆದರಲ್ಲ. ಆದ್ರೆ ಆ ಸೀದಾ ಅನ್ನೋದು ಕೈಯಲ್ಲಿ ಜೋರು ಇದ್ದೋರಿಗೆ. ನನ್ನ ಕೈಯಲ್ಲಿ ಅದು ಮುಕ್ಕಾಲು ದಾರಿ ಸರಿಯಾಗೇ ಹೋಗಿ, ಸ್ಟಾಪ್ ಕಂಡ ಬಿಎಂಟಿಸಿ ಬಸ್ಸಿನ ಥರ ಇದ್ದಕ್ಕಿದ್ದಂಗೆ ಎಡಕ್ಕೆ ಎಳ್ಕೊಂಡ್ಬಿಡತ್ತೆ. ಹೆಲ್ಯರಲ್ಲಿ ಪರವಾಗಿಲ್ಲ, ಬಯಲು, ಸ್ವಲ್ಪ ಬಲಕ್ಕೆ ಗುರಿ ಇಟ್ರಾಯ್ತು. ಡೆಲಾದಲ್ಲಿ ಎರಡೂ ಕಡೆ ಮರ ಇರೋ ಸಂದಿಯಲ್ಲಿ ಬಲಕ್ಕೆ ಗುರಿ ಇಡೋಕೆ ಜಾಗವೇ ಎಲ್ಲಿ, ಬಲಗಡೆ ಮರಕ್ಕೇ ಟಕ್ ಅಂತ ಹೊಡೆಯತ್ತೆ.

ಇನ್ನೊಂದು ವಿಷ್ಯ ಇದೆ ಅದಕ್ಕೆ ಟೀಬರ್ಡ್ ಇನ್ನೂ ಬ್ಯಾಗಲ್ಲಿದೆ. ನಮ್ಮಂಥೋರು ಚಿಕ್ಕಂದಿನಿಂದ ಗಲ್ಲಿ ಕ್ರಿಕೆಟ್ ಆಡಿ ಆಡಿ ಕವರ್‌ನಿಂದ ಬಗ್ಗಿ ಸೈಡ್ ಆರ್ಮಲ್ಲಿ ವಿಕೆಟ್‌ಗೆ ಎಸೆಯೋದು ಅಭ್ಯಾಸ ಆಗಿರತ್ತಲ್ಲ, ಡಿಸ್ಕ್ ಗಾಲ್ಫಲ್ಲಿ ಫೋರ್‌ಹ್ಯಾಂಡ್ ಹೆಚ್ಚುಕಮ್ಮಿ ಅದೇ. ಇಲ್ಲಿನೋರು ಬ್ಯಾಕ್‌ಹ್ಯಾಂಡಲ್ಲಿ ಶುರು ಮಾಡಿ ಫೋರ್‌ಹ್ಯಾಂಡ್ ಕಲಿಯಕ್ಕೆ ಒದ್ದಾಡ್ತಾರೆ, ನನಗೆ ಉಲ್ಟಾ. ಆದ್ರೆ ಫೋರ್‌ಹ್ಯಾಂಡಲ್ಲಿ ಮಣಿಕಟ್ಟು ಸ್ವಲ್ಪ ತಿರುಚಿದ್ರೂ ಡಿಸ್ಕು ಗಾಳೀಲಿ ಅಲ್ಲಾಡತ್ತೆ, ಲೆಪರ್ಡ್3 ಆ ಅಲ್ಲಾಟ ತಡೆಯಲ್ಲ, ಅಡ್ಡ ಬಿದ್ದು ನೆಲಕ್ಕೆ ಹೋಗತ್ತೆ. ಟೀಬರ್ಡ್ ತಡ್ಕೊಳತ್ತೆ. ಸೋ ಫೋರ್‌ಹ್ಯಾಂಡ್‌ಗೆ ಟೀಬರ್ಡ್, ಅದ್ರಲ್ಲಿ ಎರಡನೇ ಮಾತಿಲ್ಲ.

ಈಗ ರಿವರ್. ಹಾರೋ ಚಂದ ಅಂತ ಮಾತ್ರ ಮಾರ್ಕ್ಸ್ ಕೊಟ್ರೆ ಇದೇ ಫಸ್ಟ್. ಡೆಲಾದ 27ನೇ ಹೋಲ್‌ಗೆ ಟಾಪ್ ಆಫ್ ದ ವರ್ಲ್ಡ್ ಅಂತಾರೆ, ಗುಡ್ಡದ ತುದಿಯಿಂದ ಕೆಳಕ್ಕೆ ಎಸೆಯೋದು, ಮಂಜಿಲ್ಲದ ದಿನ ದೂರದಲ್ಲಿ ಮಾಂಟೆರೇ ಕೊಲ್ಲಿ ಕಾಣತ್ತೆ. ಅಲ್ಲಿಂದ ರಿವರ್ ಬಿಟ್ರೆ ಕೆಳಗಿಳಿಯೋ ಯೋಚನೇನೇ ಇಲ್ಲದಂಗೆ ಹೋಗ್ತಾನೇ ಇರತ್ತೆ, ನನ್ನ ಕೈಯಿಂದ ಹೊರಟಿದ್ದು ಅಂತ ನಂಬಕ್ಕಾಗಲ್ಲ. ಆದ್ರೆ ಅದೇ ಗ್ಲೈಡು ಗಾಳಿ ಬಂದಾಗ ನಮ್ಮ ಮಾತು ಕೇಳಲ್ಲ, ಎತ್ಕೊಂಡು ಹೋಗ್ಬಿಡತ್ತೆ. ಹತ್ರದ ಬುಟ್ಟಿಗೆ ಮೆಲ್ಲಗೆ ಎಸೆದ್ರೂ ದಾಟಿ ಹೋಗತ್ತೆ. ಇದನ್ನೆಲ್ಲ ಅಭ್ಯಾಸ ಮಾಡಿ ಸರಿ ಮಾಡ್ಕೋಬಹುದಿತ್ತು.

ಸರಿ ಮಾಡ್ಕೊಳಕ್ಕೆ ಆಗದೇ ಇದ್ದಿದ್ದು ಬಣ್ಣ. ಹೌದು, ಬಣ್ಣ. ನಾನು ಆರ್ಡರ್ ಮಾಡಿದ ವೆಬ್‌ಸೈಟಲ್ಲಿ ತೂಕ ಆರಿಸ್ಕೋಬಹುದು, ಪ್ಲಾಸ್ಟಿಕ್ ಆರಿಸ್ಕೋಬಹುದು, ಬಣ್ಣ ಮಾತ್ರ ಅವರ ಇಷ್ಟ, ಇರೋದ್ರಲ್ಲಿ ಯಾವ್ದೋ ಒಂದು ಕಳಿಸ್ತೀವಿ ಅಂತ ಸಣ್ಣಕ್ಷರದಲ್ಲಿ ಬರ್ದಿರತ್ತೆ, ಗುಲಾಬಿ ಇದ್ರೆ ಕಳಿಸಿ ಅಂತ ಆರ್ಡರ್ ನೋಟಲ್ಲಿ ಹಾಕಿದ್ರೂ ಯಾರೂ ಓದಲ್ಲ. ಡಬ್ಬಿ ತೆಗೆದ್ರೆ ಓಪ್ಟೋ ಪ್ಲಾಸ್ಟಿಕ್ಕಲ್ಲಿ, ಅಂದ್ರೆ ಆಚೆ ಈಚೆ ಕಾಣೋ ಅಂಥ ಪ್ಲಾಸ್ಟಿಕ್ಕಲ್ಲಿ, ಮಬ್ಬು ಹಸಿರು. ಟೇಬಲ್ ಮೇಲಿಟ್ರೆ ನೋಡಕ್ಕೆ ಬಲು ಚಂದ. ಓಕ್ ಎಲೆ, ಹುಲ್ಲು, ನೆರಳು ಇರೋ ಜಾಗದಲ್ಲಿ ಇಟ್ರೆ ಇಲ್ಲವೇ ಇಲ್ಲ. ಕಾಲ ಕೆಳಗೇ ಇರತ್ತೆ, ಕಾಣಲ್ಲ. ಬಣ್ಣ ಬದಲಾಯ್ಸಿ ಕೊಡ್ತೀರಾ ಅಂತ ಮೇಲ್ ಹಾಕಿದ್ರೆ, ಬಣ್ಣ ಇಷ್ಟ ಆಗ್ಲಿಲ್ಲ ಅನ್ನೋದು ವಾಪಸ್ ಕಳ್ಸೋಕೆ ಕಾರಣ ಅಲ್ಲ ಅಂತ ಉತ್ತರ ಬಂತು, ಕೊನೇಲಿ ಒಂದು ಸ್ಮೈಲಿ ಬೇರೆ.

ಪಿಡಿಜಿಎ, ಅಂದ್ರೆ ಈ ಆಟದ ಸಂಘದ, ರೂಲ್ ಪ್ರಕಾರ ಡಿಸ್ಕ್ ಹುಡುಕೋಕೆ ಮೂರು ನಿಮಿಷ, ಅಷ್ಟರಲ್ಲಿ ಸಿಗದಿದ್ರೆ ಒಂದು ಪೆನಾಲ್ಟಿ, ಮತ್ತೆ ಹಿಂದೆ ಎಲ್ಲಿಂದ ಎಸೆದ್ರೋ ಅಲ್ಲಿಗೇ ಹೋಗ್ಬೇಕು. ನಾವೇನು ಟೂರ್ನಮೆಂಟ್ ಆಡ್ತಿಲ್ಲ, ಅರ್ಧ ಗಂಟೆ ಬೇಕಾದ್ರೂ ಹುಡುಕ್ತೀವಿ, ಹಿಂದೆ ಬಂದ ಗುಂಪನ್ನ ಮುಂದೆ ಬಿಟ್ಟು, ಕೋಲಲ್ಲಿ ಎಲೆ ಕೆದಕ್ಕೊಂಡು. ಇಲ್ಲೇ ಬರೋದು ಅಸಲಿ ಪ್ರಾಬ್ಲಂ. ಆ ಗುಡ್ಡದಲ್ಲಿ ದಾರಿ ಬಿಟ್ಟು ಇಳಿದ್ರೆ ಪಾಯ್ಸನ್ ಓಕ್ ಅನ್ನೋ ಪೊದೆ. ಮೂರು ಮೂರು ಎಲೆ, ವಸಂತದಲ್ಲಿ ಹಸಿರು, ಆಮೇಲೆ ಕೆಂಪು, ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ, ಕಡ್ಡಿ ಸೋಕಿದ್ರೂ ಸಾಕು. ಅದ್ರಲ್ಲಿರೋ ಎಣ್ಣೆ ಅಂಟಿದ್ರೆ ಅವತ್ತು ಏನೂ ಗೊತ್ತಾಗಲ್ಲ, ಒಂದೆರಡು ದಿನ ಬಿಟ್ಟು ಗುಳ್ಳೆ ಏಳತ್ತೆ, ನವೆ ಅಂದ್ರೆ ಅಂಥಿಂಥ ನವೆ ಅಲ್ಲ.

ವಿಡಿಯೋ ಕಾಲಲ್ಲಿ ನನ್ನ ಮುಂಗೈ ನೋಡಿ ಅಮ್ಮ "ಮಾವಿನ ಸೊನೆ ಬಿದ್ದಂಗಿದೆಯಲ್ಲೋ, ಅಲ್ಲೂ ಮಾವಿನ ತೋಪಿದೆಯಾ" ಅಂದ್ರು. ರಾಮನಗರದ ಕಡೆಯೋರು, ಸೊನೆ ಗುಳ್ಳೆ ಅಂದ್ರೆ ಅವರಿಗೆ ಹೇಳ್ಕೊಡ್ಬೇಕಿಲ್ಲ. ಆಮೇಲೆ ಓದಿ ನೋಡಿದ್ರೆ ಅಮ್ಮ ಹೇಳಿದ್ದು ಸರಿಯಾಗೇ ಇತ್ತು, ಪಾಯ್ಸನ್ ಓಕ್, ಮಾವು, ಗೇರು ಎಲ್ಲ ಒಂದೇ ಕುಟುಂಬದ ಗಿಡಗಳು, ಗೇರುಬೀಜದ ಸಿಪ್ಪೆ ಎಣ್ಣೆ ಕೈ ಸುಡೋದೂ, ಇದು ಸುಡೋದೂ ಒಂದೇ ಜಾತಿ ರಾಸಾಯನಿಕದಿಂದ. ಆ ಎಣ್ಣೆ ಡಿಸ್ಕಿಗೂ ಅಂಟಿರತ್ತೆ, ಟವೆಲ್‌ಗೂ ಬ್ಯಾಗಿಗೂ ಅಂಟಿರತ್ತೆ, ಪಾತ್ರೆ ತೊಳೆಯೋ ಸೋಪ್ ಹಾಕಿ ಉಜ್ಜದೇ ಇದ್ರೆ ಮುಂದಿನ ವಾರ ಅದೇ ಡಿಸ್ಕ್ ಹಿಡಿದಾಗ ಮತ್ತೆ ಅಂಟತ್ತೆ. "ರೀ, ಆ ಬ್ಯಾಗ್ ಇನ್ಮೇಲೆ ಮನೆ ಒಳಗೆ ಬರ್ಕೂಡ್ದು" ಅಂತ ನನ್ನ ಹೆಂಡ್ತಿ ಆರ್ಡರ್ ಮಾಡಿ ಆಗಿದೆ, ಈಗ ಅದು ಗ್ಯಾರೇಜಲ್ಲಿ ವಾಸ.

ಹಾಗಾಗಿ ಡಿಸ್ಕ್ ತಗೊಳ್ಳೋದು ಹೇಗೆ ಅಂತ ಯಾರಾದ್ರೂ ನನ್ನನ್ನ ಕೇಳಿದ್ರೆ ನಾನು ಮೊದ್ಲು ಹೇಳೋದು ಟರ್ನೂ ಅಲ್ಲ ಫೇಡೂ ಅಲ್ಲ, ಬಣ್ಣ ಆರಿಸೋಕೆ ಬಿಡೋ ಅಂಗಡೀಲಿ ತಗೊಳಿ, ಎರಡು ಡಾಲರ್ ಜಾಸ್ತಿ ಆದ್ರೂ ಸರಿ. ಗುಲಾಬಿ ಬೆಸ್ಟ್, ಕಾಡಲ್ಲಿ ಆ ಬಣ್ಣ ಬೇರೆ ಎಲ್ಲೂ ಇರಲ್ಲ. ತಿಳಿ ನೀಲಿ ಓಕೆ. ಕೆಂಪು ಎಲೆ ಉದುರೋ ಕಾಲಕ್ಕೆ ಬೇಡ. ಹಳದಿ ಇಲ್ಲಿನ ಬೇಸಿಗೆಗೆ ಬೇಡ, ಜೂನ್ ಬಂದ್ರೆ ಗುಡ್ಡ ಪೂರ್ತಿ ಒಣಹುಲ್ಲು. ಡಿಸ್ಕಿನ ಹಿಂದೆ ಫೋನ್ ನಂಬರ್ ಬರೆಯೋದು ಮರೀಬೇಡಿ, ಇಲ್ಲಿ ಸಿಕ್ಕಿದೋರು ಮೆಸೇಜ್ ಮಾಡೋದು ಮಾಮೂಲಿ.

ನನ್ನ ಲೆಪರ್ಡ್3 ಸ್ಟಾರ್ ಪ್ಲಾಸ್ಟಿಕ್ಕು, ಕಣ್ಣಿಗೆ ಹೊಡೆಯೋ ಗುಲಾಬಿ, ಅಂಗಡಿಗೇ ಹೋಗಿ ಕೈಯಲ್ಲಿ ಹಿಡಿದು ನೋಡಿ ತಂದಿದ್ದು. ಹಳೇ ಲೆಪರ್ಡ್‌ಗಿಂತ ಇದು ಚಪ್ಪಟೆ, ಬೆರಳು ಸರಿಯಾಗಿ ಕೂರತ್ತೆ, ಸಾಂಟಾ ಕ್ರೂಝ್ ಬೆಳಗಿನ ಮಂಜಲ್ಲೂ ಜಾರಲ್ಲ. ಇದನ್ನ ಎಸೆಯೋ ಗುಟ್ಟು ಒಂದೇ, ಹೊರಗಿನ ಅಂಚು ಸ್ವಲ್ಪ ಕೆಳಗೆ ವಾಲಿಸಿ, ಇಲ್ಲಿನೋರು ಹೈಝರ್ ಅಂತಾರಲ್ಲ ಹಾಗೆ, ಬಿಡ್ಬೇಕು. ಹೋಗ್ತಾ ಹೋಗ್ತಾ ಅದೇ ಎದ್ದು ಸಮ ಆಗತ್ತೆ, ಸಮ ಆದ್ಮೇಲೆ ಸೀದಾ, ಕೊನೇಲಿ ಸ್ವಲ್ಪವೇ ಸ್ವಲ್ಪ ಎಡಕ್ಕೆ. ಮರದ ಸಂದಿಯಲ್ಲಿ ನನಗೆ ಬೇಕಾಗಿದ್ದು ಇಷ್ಟೇ ಸ್ವಾಮಿ. ಜೋರು ಹಾಕದೇ ಮೆಲ್ಲಗೆ ಎಸೆದ್ರೂ ಕೆಲಸ ಮಾಡತ್ತೆ, ಅದು ದೊಡ್ಡ ವಿಷ್ಯ, ಯಾಕಂದ್ರೆ ಹನ್ನೆರಡು ಹೋಲ್ ಮುಗಿಯೋ ಹೊತ್ತಿಗೆ ನನ್ನ ಭುಜ ರಾಜೀನಾಮೆ ಕೊಟ್ಟಿರತ್ತೆ, ಆಮೇಲೆ ಟೀಬರ್ಡ್ ಇನ್ನೂ ಎಡಕ್ಕೆ ಹೋಗತ್ತೆ, ಇದು ಸೀದಾನೇ.

ಇದರ ತೊಂದ್ರೆನೂ ಹೇಳ್ಬೇಕಲ್ಲ. ಎದುರು ಗಾಳಿ. ಗಾಳಿ ಮುಖಕ್ಕೆ ಬಂದ್ರೆ ಡಿಸ್ಕಿಗೆ ತಾನು ಇನ್ನೂ ಜೋರಾಗಿ ಹೋಗ್ತಿರೋ ಲೆಕ್ಕ, ಟರ್ನ್ ಜಾಸ್ತಿ ಆಗತ್ತೆ, ಮೊದ್ಲೇ ಬಲಕ್ಕೆ ವಾಲೋ ಲೆಪರ್ಡ್3 ಪೂರ್ತಿ ಮಗುಚ್ಕೊಂಡು ಬಲಕ್ಕೆ ಓಡತ್ತೆ. ಹೆಲ್ಯರಲ್ಲಿ ಮಧ್ಯಾಹ್ನ ಮೂರರ ಮೇಲೆ ನಾನು ಅದನ್ನ ಬ್ಯಾಗಿಂದ ತೆಗೆಯೋದೇ ಇಲ್ಲ.

ರೇಟು: ಸ್ಟಾರ್, ಓಪ್ಟೋ ಈ ಥರದ್ದೆಲ್ಲ ಇಪ್ಪತ್ತು ಡಾಲರ್ ಆಸುಪಾಸು, ಡಿಎಕ್ಸ್ ಅನ್ನೋ ಸಾದಾ ಪ್ಲಾಸ್ಟಿಕ್ ಅದರ ಅರ್ಧ. ಡಿಎಕ್ಸ್ ಮರಕ್ಕೆ ಹೊಡೆದು ಹೊಡೆದು ಬೇಗ ಸವೆಯತ್ತೆ, ಸವೆದಷ್ಟೂ ಬಲಕ್ಕೆ ವಾಲೋದು ಜಾಸ್ತಿ. ಲೆಪರ್ಡ್3 ಡಿಎಕ್ಸಲ್ಲಿ ತಗೊಂಡ್ರೆ ಸವೆದ್ಮೇಲೆ ನಿಲ್ಲೋದೇ ಇಲ್ಲ, ದುಡ್ಡು ದಂಡ. ಟೀಬರ್ಡ್ ಡಿಎಕ್ಸ್ ಆದ್ರೆ ಉಲ್ಟಾ, ಸವೆದಷ್ಟೂ ನನ್ನಂಥ ಕೈಗೆ ಒಳ್ಳೇದಾಗತ್ತೆ. ಇಪ್ಪತ್ತು ಡಾಲರ್ ಜಾಸ್ತಿ ಅನ್ಸೋ ಸ್ಟೂಡೆಂಟ್ಸ್ ಯಾರಾದ್ರೂ ಇದ್ರೆ ಹತ್ತು ಡಾಲರ್ ಡಿಎಕ್ಸ್ ಟೀಬರ್ಡ್ ತಗೊಂಡು ಮರಗಳಿಗೆ ಬಾರಿಸ್ತಾ ಇರಿ, ಒಂದು ಸೀಸನ್ ಕಳೆಯೋಷ್ಟರಲ್ಲಿ ಸೀದಾ ಹೋಗೋ ಡಿಸ್ಕು ತಾನಾಗೇ ತಯಾರಾಗತ್ತೆ.

ನಂದು ಈಗಿನ ಲೆಕ್ಕ ಹೀಗಿದೆ. ಡೆಲಾಗೆ ಹೋಗೋ ದಿನ ಬ್ಯಾಕ್‌ಹ್ಯಾಂಡೆಲ್ಲ ಲೆಪರ್ಡ್3, ಫೋರ್‌ಹ್ಯಾಂಡ್‌ಗೆ ಟೀಬರ್ಡ್. ಹೆಲ್ಯರಲ್ಲಿ ಗಾಳಿ ಎದ್ದ ಮೇಲೆ ಎರಡಕ್ಕೂ ಟೀಬರ್ಡೇ. ಹಸಿರು ರಿವರನ್ನ ಆಫೀಸ್ ಹತ್ರ ಇರೋ ಶಾಲೆ ಮೈದಾನದಲ್ಲಿ ಪ್ರಾಕ್ಟೀಸ್‌ಗೆ ಇಟ್ಕೊಂಡಿದೀನಿ, ಅಲ್ಲಿ ಹುಲ್ಲು ಕತ್ತರಿಸಿರ್ತಾರೆ, ಹುಡುಕೋ ಗೋಳಿಲ್ಲ. ಗುಲಾಬೀಲಿ ಸಿಕ್ಕಿದ ದಿನ ಇನ್ನೊಂದು ರಿವರ್ ಖಂಡಿತ ತಗೋತೀನಿ, 27ನೇ ಹೋಲ್‌ಗೆ ಅಂತಲೇ.